ಗುಡ್ಡದವರು ಮಾರನೇ ದಿನ ತಂದ ಉತ್ತರ

ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಮೊಮ್ಮಗಳು "ಅಜ್ಜಿ, ನಿನ್ನ ಆಕ್ಸೆಂಟ್ ಎಷ್ಟು ಕ್ಯೂಟ್" ಅಂದಾಗ ನಗುತ್ತೇನೆ. ನಕ್ಕು, ಎದ್ದು ಅಡುಗೆಮನೆಗೆ ಹೋಗಿ ಇಲ್ಲದ ಕೆಲಸ ಹುಡುಕುತ್ತೇನೆ. ಅದೇ ಇಂಗ್ಲಿಷ್ ಬಾಯಲ್ಲಿ ನಾನೊಂದು ಗುಡ್ಡದ ಜನಕ್ಕೆ ಮಾಡಿದ್ದನ್ನು ಬರೆಯೋಣ ಅಂತ ಎಷ್ಟೋ ಸಲ ಕೂತು, ಎರಡು ಸಾಲು ಗೀಚಿ, ಪೆನ್ನಿಗೆ ಕ್ಯಾಪ್ ಹಾಕಿ ಎದ್ದಿದ್ದೇನೆ. ಈ ಸಲ ಮುಗಿಸಿಯೇ ಏಳುತ್ತೇನೆ.

ಮದುವೆಯಾಗಿ ನಾನು ಕೆಜಿಎಫ್‌ಗೆ ಬಂದಾಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿ ಸ್ಟಾಫ್. ಊರಿಗಾಂನಲ್ಲಿ ನಮಗೆ ಸಿಕ್ಕಿದ್ದು ಹಿಂದೆ ಗಣಿಯ ಯಾರೋ ಇಂಗ್ಲಿಷ್ ದೊರೆ ಇದ್ದ ಹಳೇ ಮನೆ. ಹಾಲಿನ ಗೋಡೆಯಲ್ಲಿ ಬೆಂಕಿ ಹಾಕುವ ಇಟ್ಟಿಗೆ ಗೂಡು, ಅದರ ಮೇಲೆ ಚಿಮಣಿ. ಆ ಗೂಡಿನಲ್ಲಿ ನಾವು ಹಳೇ ನ್ಯೂಸ್‌ಪೇಪರ್ ಪೇರಿಸಿಡುತ್ತಿದ್ದೆವು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಓದಿದವಳು ನಾನು. "ಓಪನ್ ಯುವರ್ ಮೌತ್, ಚೈಲ್ಡ್, ವರ್ಡ್ಸ್ ಆರ್ ನಾಟ್ ಪೆಪರ್‌ಮಿಂಟ್ಸ್" ಎಂದು ಗದರಿಸಿಕೊಂಡು ಕಲಿತ ಇಂಗ್ಲಿಷು. ಇಲ್ಲಿ ಅದನ್ನು ಯಾರ ಹತ್ತಿರ ಮಾತಾಡಲಿ? ಗಣಿ ಕೆಲಸಗಾರರ ಲೈನುಮನೆಗಳಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಇಂಗ್ಲಿಷಿನವರು ಎಂದರೆ ಪಕ್ಕದ ರಸ್ತೆಯ ಒಂದೆರಡು ಆಂಗ್ಲೋ-ಇಂಡಿಯನ್ ಮನೆಗಳು, ಅವರೂ ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದರು. ಟ್ರಂಕಿನ ತಳದಲ್ಲಿ ಉಳಿದ ರೇಷ್ಮೆ ಸೀರೆಯಂತೆ ನನ್ನ ಇಂಗ್ಲಿಷಿಗೆ ನುಸಿಗುಳಿಗೆಯ ವಾಸನೆ ಹತ್ತಿತ್ತು.

ಅವ್ವ ನಮ್ಮ ಮನೆಗೆ ಬರತೊಡಗಿದ್ದು ನಾನು ಬಂದ ವರ್ಷವೇ. ಹೆಸರಿನಿಂದ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಇಡೀ ಬೀದಿಗೆ ಅವಳು ಅವ್ವ. ಬೇತಮಂಗಲದ ರಸ್ತೆಯಲ್ಲಿ ಬಸ್ ಇಳಿದು ಒಂದೂವರೆ ಮೈಲಿ ಒಳಗೆ ನಡೆದರೆ ಒಂದು ಕಲ್ಲುಗುಡ್ಡ, ಅದರ ಹೆಗಲ ಮೇಲೆ ಹದಿನೈದಿಪ್ಪತ್ತು ಗುಡಿಸಲು. ಅಲ್ಲಿಂದ ಅವಳು ಜೇನು, ಪೊರಕೆ, ನೆಲ್ಲಿಕಾಯಿ ಹೊತ್ತು ತರುತ್ತಿದ್ದಳು. ಪೇಟೆಯವರು ಆ ಜನವನ್ನು ಗುಡ್ಡದೋರು ಎನ್ನುತ್ತಿದ್ದರು. ಗಣಿ, ಲೈನು, ರೈಲು ಯಾವುದೂ ಇಲ್ಲದಾಗಿನಿಂದ ಅವರು ಅಲ್ಲಿಯವರು. ನನ್ನ ಮಗಳು ಹುಟ್ಟಿದಾಗ ಊರಿಂದ ಅಮ್ಮ ಬರುವುದು ತಡವಾಗಿ, ನನಗೆ ಬಾಣಂತಿ ನೀರು ಹಾಕಿದ್ದು ಅವ್ವನೇ. ಕೊಬ್ಬರಿ ಎಣ್ಣೆ ನೆತ್ತಿಗೆ ತಟ್ಟಿ, ಬಿಸಿನೀರು ಸೊಂಟಕ್ಕೆ ಬೀಸಿ ಎರಚುತ್ತಾ, "ಇಸ್ಕೂಲಲ್ಲಿ ಸೊಂಟ ಗಟ್ಟಿ ಮಾಡ್ಕಳಾದ್ ಕಲಿಸಿಲ್ವಾ ಅಮ್ಮಣ್ಣಿ?" ಎಂದು ಅಣಕಿಸುತ್ತಿದ್ದಳು. ಬಯ್ದರೂ ನಾನು ಅವಳಿಗೆ ಅಮ್ಮಣ್ಣಿಯೇ.

ಗುಡ್ಡದ ಮೇಲೆ ಮೂರು ದೊಣೆಗಳಿದ್ದವು. ಬಂಡೆಯಲ್ಲೇ ತಾನಾಗಿ ಆದ ಕೊಳಗಳು, ಮಳೆ ನೀರು ನಿಂತರೆ ಬೇಸಿಗೆ ದಾಟುವ ತನಕ ಇರುತ್ತಿತ್ತು. ಕೆಳಗಿನದು ಮೇಕೆಗೆ, ಸ್ನಾನಕ್ಕೆ. ನಡುವಿನದು ಕುಡಿಯಲಿಕ್ಕೆ. ಮೇಲಿನದನ್ನು ಯಾರೂ ಮುಟ್ಟುವ ಹಾಗಿಲ್ಲ, ಅದು ಜೇನಿಗೆ. ಅದರ ಎದುರಿನ ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ಬಿಸಿಲು ಏರಿದಾಗ ಹುಳಗಳು ಆ ದೊಣೆಯ ಅಂಚಿಗೆ ಸಾಲಾಗಿ ಕೂತು ನೀರು ಕುಡಿಯುವುದನ್ನು ಒಮ್ಮೆ ಅವ್ವ ನನಗೆ ದೂರದಿಂದ ತೋರಿಸಿದ್ದಳು. ನಡುವಿನ ದೊಣೆ ಬತ್ತಿದ ವರ್ಷವೂ ತಾವು ಅದಕ್ಕೆ ಕೈ ಹಾಕುವುದಿಲ್ಲ ಎಂದಿದ್ದಳು. ನನ್ನ ಮನೆಯಲ್ಲಿ ಬೇತಮಂಗಲದ ಕೆರೆಯ ನೀರು ನಲ್ಲಿಯಲ್ಲಿ ಬರುತ್ತಿತ್ತು. ಅದು ಬರುವುದು ಅರ್ಧ ಗಂಟೆ ತಡವಾದರೆ ನಾನು ಗೊಣಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ, ದೀಪಾವಳಿ ಕಳೆದ ವಾರ, ಬೆಂಗಳೂರಿನಿಂದ ಮೂವರು ಬಂದರು. ಒಬ್ಬರು ಟೂರ್ ಕಂಪನಿ ನಡೆಸುವವರು, ನಲವತ್ತರ ಗಂಡಸು, ತಂಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡವರು. ಇನ್ನಿಬ್ಬರು ವಿದೇಶದ ಗಂಡ ಹೆಂಡತಿ, ಈತನಿಗೆ ಸಲಹೆ ಕೊಡುವವರು. ಗುಡ್ಡದವರ ಜೊತೆ ಮಾತಾಡಬೇಕು, ಇಂಗ್ಲಿಷ್ ಬರುವವರು ಯಾರಾದರೂ ಬೇಕು ಎಂದಾಗ ಊರಿಗಾಂ ಕ್ಲಬ್ಬಿನವರು ನನ್ನ ಮನೆ ತೋರಿಸಿದ್ದರು. ನಾನು ಟೀ ಕೊಟ್ಟೆ, ಕಪ್-ಸಾಸರಿನಲ್ಲಿ, ಟ್ರೇಗೆ ಕಸೂತಿಯ ಬಟ್ಟೆ ಹಾಸಿ. ಆ ಹೆಂಗಸು ಕಪ್ಪನ್ನು ಕೆಳಗಿಟ್ಟು, "ವಾಟ್ ಲವ್ಲಿ ಇಂಗ್ಲಿಷ್! ವೇರ್ ಡಿಡ್ ಯು ಲರ್ನ್ ಇಟ್?" ಎಂದು ಕೇಳಿದರು.

ಅದೊಂದು ಮಾತು ಸಾಕಾಯಿತು. ಗುಡ್ಡದ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಸಿಸ್ಟರ್‌ಗಳ ಕಥೆ, ಗಣಿಯ ಕಥೆ, ಚಿಮಣಿಯ ಕಥೆ. ಆಕೆ ತಮ್ಮ ಕೆಲಸವನ್ನೂ ವಿವರಿಸಿದರು. ನೋಡಲು ಬರುವವರಿಂದ ಜಾಗ ಕೆಡಬಾರದು, ಅಲ್ಲಿಯವರ ಬದುಕು ಅಲ್ಲಿಯವರ ಕೈಯಲ್ಲೇ ಇರಬೇಕು ಅಂತ. 'ಸಸ್ಟೇನಬಲ್' ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ಟ್ಯಾಕ್ಸಿಯಲ್ಲಿ. ಆಕೆ ಒಳ್ಳೆಯವರು. ಅದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ತಪ್ಪನ್ನು ಅವರ ಮೇಲೆ ಹೊರಿಸಿದರೆ ನನಗೆ ಸುಲಭವಾಗುತ್ತಿತ್ತು.

ಗುಡಿಸಲುಗಳ ನಡುವೆ ಒಂದು ಹೊಂಗೆ ಮರ. ಅದರ ಕೆಳಗೆ ನಮ್ಮನ್ನು ಕೂರಿಸಿದರು. ಅವ್ವ ನನ್ನನ್ನು ನೋಡಿ, "ಓ, ಇವತ್ತೇನ್ ಅಮ್ಮಣ್ಣಿ ದೊರೆಗಳ ಮೆರವಣಿಗೆ ತಂದವ್ಳೆ!" ಅಂದಳು. ಎಲ್ಲರೂ ನಕ್ಕರು. ನಡುವಿನ ದೊಣೆಯ ನೀರನ್ನು ಬೆಲ್ಲದ ಚೂರಿನ ಜೊತೆ ಕೊಟ್ಟರು.

"ಆಸ್ಕ್ ದೆಮ್ ವಾಟ್ ದೇ ವಾಂಟ್. ದಿಸ್ ಈಸ್ ದೇರ್ ಹೋಮ್" ಎಂದರು ಆಕೆ.

ನಾನು ಅವ್ವನಿಗೆ ಹೇಳಿದೆ, "ಬೆಂಗಳೂರಿಂದ, ದೂರದೇಶದಿಂದ ಜನ ನಿಮ್ಮ ಗುಡ್ಡ ನೋಡೋಕೆ ಬರ್ತಾರಂತೆ ಅವ್ವ. ಜಾಗ ಕೆಡಿಸದ ಹಾಗೆ ನೋಡಿಕೊಂಡು ಹೋಗ್ತಾರಂತೆ. ನೀವೇನಂತೀರಿ?"

ಅಷ್ಟರ ಮಟ್ಟಿಗೆ ನನ್ನ ತರ್ಜುಮೆ ಸರಿಯಾಗಿಯೇ ಇತ್ತು.

ಅವ್ವ ಮರದ ಸುತ್ತ ಕೂತವರ ಮುಖವನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಅಂದಳು, "ಗುಡ್ಡದ ಮಾತಿಗೆ ನಾವು ಕೇಳ್ದ ದಿನ ಉತ್ರ ಏಳಾಕಿಲ್ಲ ಅಮ್ಮಣ್ಣಿ. ಮಲಗಿ ಎದ್ದು ಏಳ್ತೀವಿ. ಕೇಳ್ದೋರ್ ಬಾಕ್ಲಿಗೇ ಬಂದು ಏಳ್ತೀವಿ, ಅದು ನಮ್ ಕಟ್ಟು. ನಮ್ ಅಜ್ಜಿ ಕಾಲ್ದಲ್ಲಿ ಚಿನ್ನದ ಮಣ್ಣು ಎಲ್ಲಯ್ತೆ ಅಂತ ಕೇಳ್ಕಂಡ್ ಬಂದ್ರಂತೆ. ಅವತ್ತಿಂದವತ್ತೇ ಏಳ್ಬುಟ್ರಂತೆ ಪಾಪ. ಆಮ್ಯಾಕೆ ಏನಾಯ್ತು? ನೀನೇ ನೋಡಿದ್ದೀಯಲ್ಲ, ಅಷ್ಟೆತ್ರ ಮಣ್ ಗುಡ್ಡೆ. ಅದಕ್ಕೇ ಈಗ ಮಲಗಿ ಎದ್ದೇ ಏಳಾದು. ನಾಳೆ ಬತ್ತೀವಿ ಅನ್ನು."

ಅವ್ವನ ಮಾತು ಹಿಡಿಯದ ಕಂಪನಿಯವರು ವಾಚು ನೋಡಿಕೊಂಡರು. ಬಂಗಾರಪೇಟೆಯಲ್ಲಿ ಅವರು ಸಂಜೆಯ ರೈಲು ಹಿಡಿಯಬೇಕಿತ್ತು. "ಮೇಡಂ, ಏನಂತೆ? ಒಂದು ಎಸ್ ಅಂದ್ರೆ ಸಾಕು ನಮಗೆ." ಆಕೆ ನನ್ನನ್ನೇ ನೋಡುತ್ತಿದ್ದರು, ಕಣ್ಣು ಅರಳಿಸಿಕೊಂಡು. ಉತ್ತರ ನಾಳೆಯಂತೆ ಎಂದು ಹೇಳಿ ಆ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಅದೂ ಪೂರ್ತಿ ನಿಜವಲ್ಲ. ಇಷ್ಟು ಚೆಂದದ ಮಧ್ಯಾಹ್ನ, ಇಷ್ಟು ಚೆಂದದ ಇಂಗ್ಲಿಷು, ಅದಕ್ಕೆ ಚೆಂದದ್ದೊಂದು ಕೊನೆ ಬೇಕು ಎಂದು ನನಗೇ ಆಸೆಯಾಗಿತ್ತು. ಹೇಗೂ ನಾಳೆ ಇವರು ಒಪ್ಪುತ್ತಾರೆ, ನಾನು ಒಂದು ದಿನ ಮುಂಚೆ ಹೇಳಿದರೇನು ಅಂದುಕೊಂಡೆ.

"ಶೀ ಸೇಸ್, ಯು ಆರ್ ಮೋಸ್ಟ್ ವೆಲ್ಕಮ್" ಅಂದೆ.

ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಕಂಪನಿಯವರು ಡೈರಿಯಲ್ಲಿ ಏನೋ ಬರೆದುಕೊಂಡರು. ಅವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅಷ್ಟೇನಾ? ನಾನ್ ಅಷ್ಟುದ್ದ ಏಳ್ದೆ?"

"ಇಂಗ್ಲಿಷ್ ಚಿಕ್ಕ ಭಾಷೆ ಅವ್ವ" ಎಂದು ನಕ್ಕೆ. ಅವಳೂ ನಕ್ಕಳು. ಆ ನಗುವನ್ನು ನೆನೆದರೆ ಈಗಲೂ ಕೂತಲ್ಲೇ ಕುಗ್ಗುತ್ತೇನೆ.

ಮಾರನೇ ದಿನ ಬೆಳಗ್ಗೆ ನಾನಿನ್ನೂ ಹೌಸ್‌ಕೋಟಿನಲ್ಲಿದ್ದೆ. ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತಿದ್ದಾಗ ಗೇಟಿನ ಸದ್ದಾಯಿತು. ಒಂಬತ್ತು ಜನ. ಮುಂದೆ ಅವ್ವ, ಹಿಂದೆ ಇಬ್ಬರು ಮುದುಕರು, ಕಂಕುಳಲ್ಲಿ ಕೂಸು ಹೊತ್ತ ಒಬ್ಬಳು, ಇನ್ನುಳಿದವರು ನನಗೆ ಮುಖ ಮಾತ್ರ ಗೊತ್ತಿದ್ದವರು. ಎಲ್ಲರೂ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಿದ್ದರು. ವರಾಂಡ ಹತ್ತದೆ ಮೆಟ್ಟಿಲ ಕೆಳಗೆ ಸಾಲಾಗಿ ನಿಂತರು. ಎದುರುಮನೆಯ ತಮಿಳಿನಾಕೆ ಬಕೆಟ್ಟು ಹಿಡಿದು ನಿಂತು, "ಏನಮ್ಮಾ ಇದು, ಎಲೆಕ್ಷನ್‌ಗೆ ನಿಂತಿದ್ದೀರಾ?" ಎಂದು ಕೂಗಿದರು.

"ಅವರೆಲ್ಲಿ?" ಅಂದಳು ಅವ್ವ.

"ಹೋದರು ಅವ್ವ. ಅವಸರ ಇತ್ತಂತೆ."

"ಉತ್ರ ಕೇಳ್ದೆ ಓದ್ರಾ?" ಅವ್ವ ಉಳಿದವರ ಕಡೆ ತಿರುಗಿದಳು. ಅವರವರಲ್ಲೇ ಏನೋ ಮಾತಾಯಿತು. "ಆಯ್ತು ಬುಡು. ಕೇಳಿದ್ದು ನಿನ್ ಬಾಯೇ ಅಲ್ವಾ. ನಿಂಗೆ ಏಳ್ತೀವಿ. ಬರ್ಕೋ. ಕಾಗ್ದ ಆಕು ಅವ್ರಿಗೆ."

ಆಗಲೇ ಹೇಳಬೇಕಿತ್ತು, ನಿನ್ನೆಯೇ ನಾನು ಉತ್ತರ ಕೊಟ್ಟುಬಿಟ್ಟೆ ಎಂದು. ಹೇಳಲಿಲ್ಲ. ಒಳಗೆ ಹೋಗಿ ಪ್ಯಾಡು ಪೆನ್ನು ತಂದು, ಮೆಟ್ಟಿಲ ಮೇಲೆ ಕೂತೆ.

ಅವ್ವ ಬಲಗೈ ಎತ್ತಿ ಕಿರುಬೆರಳು ಮಡಿಸಿದಳು. ಮಳೆ ಮುಗಿದ ಮೇಲಿಂದ ಶಿವರಾತ್ರಿ ತನಕ ಬರಲಿ, ಬಿಸಿಲಿಗೆ ಬೇಡ. ಆಗ ನೀರು ಕಮ್ಮಿ, ಹುಳಕ್ಕೆ ಸಿಟ್ಟು ಜಾಸ್ತಿ. ಉಂಗುರದ ಬೆರಳು. ಒಂದು ಸಲಕ್ಕೆ ಹೊಂಗೆ ಮರದ ನೆರಳಲ್ಲಿ ಕೂರುವಷ್ಟು ಜನ, ಅದಕ್ಕಿಂತ ಹೆಚ್ಚು ಬೇಡ. ನೆರಳು ಎಷ್ಟಿದೆಯೋ ಅಷ್ಟೇ ಜನಕ್ಕೆ ನಾವು ಅಂಬಲಿ ಕೊಡಬಲ್ಲೆವು. ನಡುಬೆರಳು. ಕೆಳಗಿನ ದೊಣೆಯಲ್ಲಿ ಕಾಲು ತೊಳೆಯಲಿ, ನಡುವಿನ ದೊಣೆಯ ನೀರನ್ನು ನಾವು ಮೊಗೆದು ಕೊಡುತ್ತೇವೆ, ಮೇಲಿನ ದೊಣೆಯ ಹತ್ತಿರ ಹೋಗಕೂಡದು. ತೋರುಬೆರಳು. ನಮ್ಮವರೊಬ್ಬರು ಮುಂದೆ ನಡೆಯಬೇಕು, ಬಂದವರು ಹಿಂದೆ. ಅಡ್ಡದಾರಿ ಬೇಡ, ಕದ್ದು ಫೋಟೋ ಬೇಡ.

ಎಷ್ಟು ಯೋಚಿಸಿದ ಮಾತುಗಳು! ಟ್ಯಾಕ್ಸಿಯಲ್ಲಿ ಆಕೆ ಅರ್ಧ ಗಂಟೆ ವಿವರಿಸಿದ್ದನ್ನು ಇವರು ನಾಲ್ಕು ಬೆರಳಲ್ಲಿ ಮುಗಿಸಿದ್ದರು. ಅವರು ಬೇಡ ಎಂದೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಹೇಗೆ ಬರಬೇಕು ಎಂದು ಹೇಳಿದ್ದರು. ನಾನು ಕಾನ್ವೆಂಟಿನ ದುಂಡು ಅಕ್ಷರದಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ ಬರೆದುಕೊಂಡೆ.

ಹೆಬ್ಬೆರಳು ಉಳಿದಿತ್ತು. ಅವ್ವ ಅದನ್ನು ತಕ್ಷಣ ಮಡಿಸಲಿಲ್ಲ. ಕೂಸು ಹೊತ್ತವಳು ಹಿಂದಿನಿಂದ, "ಏಳವ್ವ, ಅದನ್ನೂ ಏಳು" ಅಂದಳು.

"ಅಮ್ಮಣ್ಣಿ, ಬ್ಯಾಸರ ಮಾಡ್ಕಬೇಡ. ಬರೋರು ತಾವೇ ಬಂದು ನಮ್ಮನ್ನ ಕೇಳ್ಬೇಕು. ನಡುವೆ ಇನ್ನೊಬ್ರ ಬಾಯಿ ಬ್ಯಾಡ. ಬಾಸೆ ಬರ್ದಿದ್ರೆ ಕೈಸನ್ನೆ ಮಾಡ್ಲಿ, ನಾವ್ ತಿಳ್ಕಂತೀವಿ. ನೀನು ಒಳ್ಳೇವ್ಳೇ. ಆದ್ರೂ ನಿನ್ನೆ ನಾನು ಅಷ್ಟ್ ಏಳ್ದೆ, ನೀನು ಇಷ್ಟರಾಗೆ ಮುಗಿಸ್ದೆ. ಮಿಕ್ಕಿದ್ದು ಎಲ್ಲಿಗೋಯ್ತು ಅಂತ ಇವ್ರೆಲ್ಲ ಕೇಳ್ತಾವ್ರೆ."

ಹೆಬ್ಬೆರಳು ಮಡಿಸಿ ಮುಷ್ಟಿ ಮಾಡಿ, ಅದನ್ನು ನನ್ನ ಕಡೆ ಚಾಚಿದಳು. ಕೊಟ್ಟೆ, ಇನ್ನು ನಿನ್ನದು ಎನ್ನುವ ಹಾಗೆ.

ನಾನು ಐದನೆಯದನ್ನೂ ಬರೆದೆ. ನನ್ನ ಮುಖ ಉರಿಯುತ್ತಿತ್ತು. ನಿಜ ಹೇಳುತ್ತೇನೆ, ಆಗ ಅದು ನಾಚಿಕೆಯಲ್ಲ, ಸಿಟ್ಟು. ಟೀ ಕೊಟ್ಟು, ಬಿಸಿಲಲ್ಲಿ ಗುಡ್ಡ ಹತ್ತಿ, ಇವರಿಗಾಗಿ ಇಷ್ಟು ಮಾಡಿದರೆ ನನ್ನ ಬಾಯಿಯೇ ಬೇಡವಂತೆ! ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿದೆ. ಕಾಗದವನ್ನು ಕವರಿಗೆ ಹಾಕಿ, ವಿಳಾಸ ಬರೆದು, ಸ್ಟ್ಯಾಂಪು ಹಚ್ಚಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟೆ. ಸಂಜೆ ಪೋಸ್ಟ್ ಮಾಡೋಣ ಎಂದೇ ಇಟ್ಟದ್ದು. ಸಂಜೆ ಹೊತ್ತಿಗೆ ಇನ್ನೊಂದು ಹೊಳೆಯಿತು. ಈ ಕಾಗದ ಹೋದರೆ, ನಿನ್ನೆ ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗುತ್ತದೆ. "ಲವ್ಲಿ ಇಂಗ್ಲಿಷ್" ಎಂದ ಬಾಯಿ ಏನೆನ್ನುತ್ತದೆ?

ಎರಡು ದಿನ ಬಿಟ್ಟು ಯಜಮಾನರು, "ಗುಡ್ಡದವರ ಕಾಗದ ಪೋಸ್ಟ್ ಮಾಡಿದ್ಯೇನೆ?" ಎಂದು ಕೇಳಿದರು. "ಹ್ಞೂಂ" ಅಂದೆ. ಡ್ರಾಯರಿನಲ್ಲಿ ಅದರ ಮೇಲೆ ದಾರದ ಉಂಡೆ, ಗುಂಡಿ, ರವಿಕೆಯ ಅಳತೆ ಚೀಟಿಗಳು ಬಂದು ಕೂತವು.

ಮೊದಲ ಚಳಿಗಾಲ ಬಂದವರು ಕಡಿಮೆ. ಆಮೇಲೆ ಬೆಂಗಳೂರಿನವರು ಭಾನುವಾರ ಭಾನುವಾರ ಮಿನಿಬಸ್ಸಿನಲ್ಲಿ ಬರಲು ಶುರುವಾಯಿತು. ಶಿವರಾತ್ರಿ ಕಳೆದರೂ ನಿಲ್ಲಲಿಲ್ಲ. ಎರಡನೇ ಬೇಸಿಗೆಯಲ್ಲಿ ಕಂಪನಿಯವರು ನನ್ನನ್ನೂ ಒಂದು ಟ್ರಿಪ್ಪಿಗೆ ಕರೆದರು. ನಾನು ಮೈಸೂರ್ ಸಿಲ್ಕ್ ಉಟ್ಟುಕೊಂಡು ಹೋದೆ, ಕಲ್ಲುಗುಡ್ಡಕ್ಕೆ! ಮುಂದಿನ ಸೀಟಿನಲ್ಲಿ ಕೂರಿಸಿ, "ದಿಸ್ ಈಸ್ ಅವರ್ ಲೋಕಲ್ ಎಕ್ಸ್‌ಪರ್ಟ್" ಎಂದು ಪರಿಚಯಿಸಿದರು.

ಮೇಲಿನ ದೊಣೆಗೆ ಅವರೇ ಹತ್ತಿ ಹೋದರು, ಯಾರೂ ಮುಂದೆ ನಡೆಯಲಿಲ್ಲ. ಸೆಕೆ ಎಂದು ನಾಲ್ಕು ಜನ ಬಟ್ಟೆ ಬಿಚ್ಚಿ ಇಳಿದರು. ಒಬ್ಬ ಸೋಪು ತಂದಿದ್ದ. ನೀರಿನ ಮೇಲೆ ನೊರೆ ಹರಡಿ, ಬಂಡೆಯ ಅಂಚಿಗೆ ಬಂದು ನಿಂತಿತು. ಅಷ್ಟು ಜನರಲ್ಲಿ ಆ ನೀರು ಯಾರದು ಎಂದು ಗೊತ್ತಿದ್ದವಳು ನಾನೊಬ್ಬಳೇ. ಇಳಿಯಬೇಡಿ ಎನ್ನಲು ಬಾಯಿ ತೆರೆದೆ. ಓಪನ್ ಯುವರ್ ಮೌತ್, ಚೈಲ್ಡ್. ಯಾಕೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಕುಡಿದೆ.

ತಿರುಗಿ ನೋಡಿದರೆ ಅವ್ವ ಬಂಡೆಯ ಮರೆಯಲ್ಲಿ ನಿಂತಿದ್ದಳು, ಸೊಂಟದಲ್ಲಿ ಖಾಲಿ ಕೊಡ. ನೊರೆ ನೋಡಿದಳು, ನನ್ನ ಸೀರೆ ನೋಡಿದಳು.

"ಅಮ್ಮಣ್ಣಿ, ಆ ಕಾಗ್ದ ಓಯ್ತಾ?"

"ಹೋಯ್ತು ಅವ್ವ."

"ಓದ್ಕಂಡೂ ಇಂಗ್ ಮಾಡ್ತಾರಾ?" ಅಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಆಶ್ಚರ್ಯವಿತ್ತು. ಅಷ್ಟು ಸ್ಪಷ್ಟವಾಗಿ ಹೇಳಿ ಕಳಿಸಿದ ಮೇಲೂ ಕೇಳದ ಮನುಷ್ಯರಿರುತ್ತಾರೆ ಎಂಬುದು ಅವಳಿಗೆ ಅರ್ಥವಾಗಲಿಲ್ಲ. ನನ್ನ ಸುಳ್ಳು ಅವಳನ್ನು ಆ ಜನದ ಮೇಲೆ ತಿರುಗಿಸಿತು, ನನ್ನ ಮೇಲಲ್ಲ.

ಅದರ ಮಾರನೇ ವರ್ಷ ಹೆಜ್ಜೇನು ಬರಲಿಲ್ಲ. ಅವ್ವ ಪೊರಕೆ ಹೊತ್ತು ಬಂದಳು. ಯಾವತ್ತೂ ಜೇನು ತರುತ್ತಿದ್ದ ಡಬ್ಬವನ್ನೂ ತಂದಿದ್ದಳು, ಖಾಲಿ. ಅಭ್ಯಾಸಬಲ. "ಬರಿ ಡಬ್ಬ ಯಾಕ್ ತಂದೆ ನೋಡು, ಬುದ್ಧಿಗೆಟ್ಟೋಳು" ಎಂದು ತನ್ನನ್ನೇ ಬಯ್ದುಕೊಂಡಳು. ನಾನು ಅವಳ ಮುಖ ನೋಡದೆ ಒಂದಕ್ಕೆ ಮೂರು ಪೊರಕೆ ತೆಗೆದುಕೊಂಡೆ.

ಮಳೆ ಮುಗಿದು ಬಸ್ಸುಗಳು ಮತ್ತೆ ಶುರುವಾದಾಗ, ಒಂದು ಭಾನುವಾರ ಬೆಳಗ್ಗೆ ಜೀಪೊಂದು ನಮ್ಮ ಗೇಟಿನ ಮುಂದೆ ನಿಂತಿತು. ಗುಡ್ಡದವರು ದಾರಿಗೆ ಬೇಲಿ ಹಾಕಿದ್ದಾರೆ, ಬಸ್ಸು ನಿಂತುಬಿಟ್ಟಿದೆ, ಮೇಡಂ ಬಂದು ಮಾತಾಡಬೇಕಂತೆ ಎಂದ ಡ್ರೈವರು. ಹೊರಡುವ ಮುಂಚೆ ನಾನು ಮೆಷಿನ್ನಿನ ಡ್ರಾಯರು ಎಳೆದೆ. ಯಾಕೆಂದು ಆಗ ಗೊತ್ತಿರಲಿಲ್ಲ. ದಾರದ ಉಂಡೆಗಳ ಕೆಳಗಿನಿಂದ ಕವರನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ.

ಗುಡ್ಡದ ಬುಡದಲ್ಲಿ ದಾರಿಗಡ್ಡ ಜಾಲಿ ಮುಳ್ಳು ಪೇರಿಸಿದ್ದರು. ಆ ಕಡೆ ಅವ್ವ ಮತ್ತು ಅವಳ ಜನ. ಈ ಕಡೆ ಬಸ್ಸಿನಿಂದ ಇಳಿದ ಮೂವತ್ತು ಜನ, ಕಂಪನಿಯವರು. ಅವರ ಕನ್ನಡಕ ಈಗ ಕಣ್ಣಿನ ಮೇಲೇ ಇತ್ತು.

"ಇದು ಮೋಸ ಮೇಡಂ" ಎಂದು ಶುರುಮಾಡಿ ಇಂಗ್ಲಿಷಿಗೆ ಹೊರಳಿದರು. "ದೇ ಅಗ್ರೀಡ್. ಆನ್ ದಿ ವೆರಿ ಫಸ್ಟ್ ಡೇ. ಮೋಸ್ಟ್ ವೆಲ್ಕಮ್, ಯು ಸೆಡ್ ಇಟ್ ಯುವರ್‌ಸೆಲ್ಫ್. ಇಟ್ಸ್ ಇನ್ ಮೈ ಡೈರಿ. ದೇ ಡಿಡ್ ನಾಟ್ ಮೇಕ್ ಎ ಸಿಂಗಲ್ ಕಂಡಿಶನ್."

ಮುಳ್ಳಿನ ಆ ಕಡೆಯಿಂದ ಅವ್ವ ನನ್ನನ್ನು ಕೇಳಿದಳು. "ಏನಂತಾನೆ ಅಮ್ಮಣ್ಣಿ?"

ಆಗ ಇನ್ನೊಂದು ಸುಳ್ಳಿಗೆ ಜಾಗವಿತ್ತು. ಎರಡೂ ಕಡೆಯ ಮಾತು ನನ್ನೊಬ್ಬಳ ಬಾಯಿಂದಲೇ ಹಾಯಬೇಕಿತ್ತು. ಕಂಪನಿಯವರಿಗೆ ಕನ್ನಡ ಬರುತ್ತಿತ್ತು ನಿಜ, ಆದರೆ ಗುಡ್ಡದವರ ಮಾತಿನ ಓಟ ಅವರಿಗೆ ಹಿಡಿಯುತ್ತಿರಲಿಲ್ಲ. ಏನೋ ಒಂದು ಹೇಳಿ, ಇಬ್ಬರನ್ನೂ ಸಮಾಧಾನ ಮಾಡಿ, ಮುಳ್ಳು ತೆಗೆಸಿ, ಊಟದ ಹೊತ್ತಿಗೆ ಮನೆಗೆ ಬರಬಹುದಿತ್ತು.

"ನೀವು ಏನೂ ಕಟ್ಟು ಹೇಳಲಿಲ್ಲ ಅಂತಾರೆ ಅವ್ವ" ಅಂದೆ. "ಕೇಳಿದ ದಿನವೇ ನೀವು ಒಪ್ಪಿದಿರಿ ಅಂತ ನಾನು ಅವರಿಗೆ ಹೇಳಿದ್ದೆ. ನೀನು ನಾಳೆ ಅಂದಿದ್ದೆ. ನಾನು ಇವತ್ತೇ ಬನ್ನಿ ಅಂದುಬಿಟ್ಟೆ. ನೀವು ಹೇಳಿ ಬರೆಸಿದ ಕಾಗದ ಹೋಗಲೇ ಇಲ್ಲ. ಇಲ್ಲೇ ಇದೆ."

ಬ್ಯಾಗಿನಿಂದ ಕವರು ತೆಗೆದು ತೋರಿಸಿದೆ. ಅಷ್ಟು ವರ್ಷದಲ್ಲಿ ನಾನು ಅವರಿಗಾಗಿ ಮಾಡಿದ ಮೊದಲ ನೆಟ್ಟಗಿನ ತರ್ಜುಮೆ ಅದು.

ಯಾರೂ ಕೂಗಾಡಲಿಲ್ಲ. ಹಿಂದೆ ಕೂಸು ಹೊತ್ತಿದ್ದವಳು ಈಗ ನಡೆಯುವ ಮಗುವಿನ ಕೈ ಹಿಡಿದಿದ್ದಳು. ಅವಳು ಮಾತ್ರ, "ನಾನ್ ಏಳ್ಲಿಲ್ವಾ?" ಅಂದಳು, ಯಾರಿಗೆಂದಿಲ್ಲ. ಅವ್ವ ಮುಳ್ಳಿನ ಹತ್ತಿರ ಬಂದು ಆ ಕವರನ್ನು ನೋಡಿದಳು. ಓದಲು ಬಾರದವಳು, ಸ್ಟ್ಯಾಂಪಿನ ಮೇಲೆ ಸೀಲು ಇಲ್ಲದ್ದನ್ನು ಕಂಡಳೋ ಏನೋ.

"ತಪ್ಪಾಯ್ತು ಅವ್ವ" ಅಂದೆ. "ಹೊಟ್ಟೆಗೆ ಹಾಕ್ಕೋತೀಯಾ?"

ಅವಳು ನನ್ನ ಮುಖ ನೋಡಿದಳು. ಬಾಣಂತಿ ನೀರು ಹಾಕುವಾಗ ಕಣ್ಣಿಗೆ ಸೀಗೆಕಾಯಿ ಬೀಳದ ಹಾಗೆ ಅಂಗೈ ಅಡ್ಡ ಹಿಡಿಯುತ್ತಿದ್ದವಳು.

"ಇವತ್ತು ಕೇಳಿದ್ದೀಯ" ಅಂದಳು. "ಇವತ್ತು ಏಳಾಕಿಲ್ಲ."

ಕಂಪನಿಯವರು ನನಗೆ ಇಂಗ್ಲಿಷಿನಲ್ಲಿ ಏನೇನೋ ಅಂದರು, ಎಲ್ಲ ನ್ಯಾಯವಾಗಿಯೇ ಇತ್ತು. ಬಸ್ಸು ತಿರುಗಿತು. ನಾನು ಜೀಪು ಹತ್ತದೆ ರಸ್ತೆಯ ತನಕ ನಡೆದು, ಬೇತಮಂಗಲದ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಯಜಮಾನರಿಗೆ ಎಲ್ಲ ಹೇಳಿದೆ. ಅವರು "ಅವತ್ತು ನನಗೂ ಹ್ಞೂಂ ಅಂದೆ" ಎಂದರು. ಅಷ್ಟೇ.

ಮಾರನೇ ದಿನ ಬೆಳಗ್ಗೆಯೇ ಸ್ನಾನ ಮಾಡಿ ಮೆಟ್ಟಿಲ ಮೇಲೆ ಕೂತೆ. ದೊಡ್ಡ ಪಾತ್ರೆಯಲ್ಲಿ ಕಾಫಿ ಮಾಡಿಟ್ಟಿದ್ದೆ. ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲು ಕೂಗಿಕೊಂಡು ಹೋಯಿತು. ಬಿಸಿಲು ಮೂರನೇ ಮೆಟ್ಟಿಲಿಗೆ ಬಂದಾಗ ಅವರು ಬಂದರು. ಇವತ್ತೂ ಎಣ್ಣೆ ಹಚ್ಚಿ ಬಾಚಿದ ತಲೆಗಳು, ಒಳ್ಳೆಯ ಬಟ್ಟೆಗಳು. ಅದೇ ಜಾಗದಲ್ಲಿ ಸಾಲಾಗಿ ನಿಂತರು. ನಾನು ಎದ್ದು, ಮೆಟ್ಟಿಲಿಳಿದು, ಅವರ ಎದುರು ನೆಲದ ಮೇಲೆ ನಿಂತೆ.

"ಒಟ್ಟೆಗೆ ಆಕ್ಕಳಾದು ನಮ್ ಕೈಯಾಗಿಲ್ಲ" ಅಂದಳು ಅವ್ವ. "ಕೆಟ್ಟಿದ್ದು ಉಳದ ನೀರು. ಉಳ ತಿರುಗಿ ಬಂದ್ರೆ ನೋಡಾನ. ಆ ಕಾಗ್ದ ಮಾತ್ರ ನಮ್ದು. ಏಳಾಕೆ ಅಂತ ಕೊಟ್ಟಿದ್ದೊ, ನೀನ್ ಏಳ್ಲಿಲ್ಲ. ಈಗ ಏಳು. ಬಸ್ ಬಂದಾಗೆಲ್ಲ ಬೇಲಿತಾವ ನಿಂತು ಓದು. ನಿಂತು ಕೇಳ್ದೋರ್ಗೆ ಮುಳ್ ತೆಗೀತೀವಿ."

"ಎಷ್ಟು ದಿನ ಅವ್ವ?"

"ಅದುನ್ನ ನೀನ್ ಕೇಳ್ಬೇಡ" ಅಂದಳು ಕೂಸಿನ ತಾಯಿ. ಅವ್ವ ಅವಳನ್ನು ಗದರಿಸಲಿಲ್ಲ.

ಕಾಫಿ ಕುಡಿಯದೆ ಹೋದರು. ಪಾತ್ರೆ ಹಾಗೆಯೇ ತಣ್ಣಗಾಯಿತು.

ಮೊದಲ ಭಾನುವಾರವನ್ನು ಮಾತ್ರ ಬರೆಯುತ್ತೇನೆ. ಮಿಕ್ಕವೆಲ್ಲ, ನಮ್ಮವರು ರಿಟೈರ್ ಆಗಿ ನಾವು ಊರು ಬಿಡುವ ತನಕದ ಭಾನುವಾರಗಳೆಲ್ಲ, ಹೆಚ್ಚುಕಮ್ಮಿ ಅದರಂತೆಯೇ ಇದ್ದವು.

ಅವತ್ತು ಬಂದದ್ದು ಬೇರೆ ಯಾರದೋ ಬಸ್ಸು. ಅದರಲ್ಲಿ ಊರಿಗಾಂ ಕ್ಲಬ್ಬಿನ ಇಬ್ಬರು ಹೆಂಗಸರೂ ಇದ್ದರು, ಬೆಂಗಳೂರಿನ ನೆಂಟರನ್ನು ಕರೆದುಕೊಂಡು ಬಂದವರು. ನಾನು ಕಾಟನ್ ಸೀರೆಯಲ್ಲಿ, ಮುಳ್ಳಿನ ಬೇಲಿಯ ಪಕ್ಕದಲ್ಲಿ, ಕಾಗದ ಹಿಡಿದು ನಿಂತಿದ್ದೆ. ಮಡಿಕೆಯ ಗೆರೆಯಲ್ಲಿ ಶಾಯಿ ಮಾಸಿತ್ತು. ಅವ್ವ ಆ ಕಡೆ ಒಂದು ಗುಂಡುಕಲ್ಲಿನ ಮೇಲೆ ನಮಗೆ ಓರೆಯಾಗಿ ಬೆನ್ನು ಹಾಕಿ ಕೂತಿದ್ದಳು. ಬಲಗೈ ಮಂಡಿಯ ಮೇಲೆ ಬಿಚ್ಚಿಕೊಂಡಿತ್ತು.

"ಲೇಡೀಸ್ ಅಂಡ್ ಜಂಟಲ್‌ಮನ್" ಅಂದೆ. ದನಿ ಏಳಲಿಲ್ಲ. ಯಾರೋ ಹುಡುಗಿ, "ಆಂಟಿ, ಈಸ್ ಇಟ್ ಎ ಸ್ಕಿಟ್?" ಎಂದಳು. ನಗು ಹರಡಿತು. ಕ್ಲಬ್ಬಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಮೊದಲನೆಯದನ್ನು ಓದಿ ನಿಲ್ಲಿಸಿದೆ. ಅವ್ವನ ಕಿರುಬೆರಳು ಮಡಚಿಕೊಂಡಿತು. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ನನ್ನ ಉಸಿರನ್ನು ಎಣಿಸುತ್ತಿದ್ದಳು. ಎರಡನೆಯದು, ಮೂರನೆಯದು. ದೊಣೆಯ ಮಾತು ಬಂದಾಗ ನಗು ನಿಂತಿತ್ತು. ನಾಲ್ಕನೆಯದು. ತೋರುಬೆರಳೂ ಮಡಚಿಕೊಂಡಿತು.

ಐದನೆಯ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಇವರಿಗೆ ಇದೇಕೆ ಬೇಕು, ಇದು ನನಗೆ ಹೇಳಿದ್ದು ತಾನೇ ಅನ್ನಿಸಿತು. ಕಾಗದ ಮಡಿಸಿ, "ಥ್ಯಾಂಕ್ ಯು" ಅಂದೆ.

ಜನ ಮುಳ್ಳಿನ ಕಡೆ ಹೊರಟರು. ಯಾರೂ ಮುಳ್ಳು ತೆಗೆಯಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ತಿರುಗಿಯೂ ನೋಡಲಿಲ್ಲ. ಮಂಡಿಯ ಮೇಲೆ ನಾಲ್ಕು ಬೆರಳು ಮಡಿಸಿದ ಕೈ ಹಾಗೆಯೇ ಇತ್ತು. ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತ್ತು, ಕಾಯುತ್ತಾ.

ಕ್ಲಬ್ಬಿನವರು ನೋಡುತ್ತಿದ್ದಂತೆ ನಾನು ಕಾಗದವನ್ನು ಮತ್ತೆ ಬಿಚ್ಚಿದೆ.

"ಒನ್ ಮೋರ್" ಅಂದೆ. "ಪ್ಲೀಸ್. ಕಮ್ ಅಂಡ್ ಆಸ್ಕ್ ಅಸ್ ಯುವರ್‌ಸೆಲ್ವ್ಸ್. ಡು ನಾಟ್ ಪುಟ್ ಅನದರ್ ಪರ್ಸನ್ಸ್ ಮೌತ್ ಬಿಟ್ವೀನ್ ಅಸ್." ಒಬ್ಬ ವಯಸ್ಸಾದವರು ಹಿಂದಿನಿಂದ, "ವೈ, ವಾಟ್ ಹ್ಯಾಪನ್ಡ್?" ಎಂದು ಕೇಳಿದರು. ಅದಕ್ಕೂ ಉತ್ತರ ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ, ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಏನನ್ನೂ ಚಿಕ್ಕದು ಮಾಡದೆ.

ಹೇಳಿ ಮುಗಿಸಿದಾಗ ಹೆಬ್ಬೆರಳು ಮಡಚಿಕೊಂಡಿತು. ಕೂಸಿನ ತಾಯಿ ಬಂದು ಮುಳ್ಳಿನ ಒಂದು ಕೊಂಬೆಯನ್ನು ಪಕ್ಕಕ್ಕೆ ಎಳೆದಳು.